ಮನಸ್ಸು ಮುರಿದ ನಾಯಕಿಗೆ ಮರುಪ್ರೇಮವನ್ನು ಬರೆಯುವ ಬಗೆ

ಪ್ರೇಮಭಂಗದ ನಂತರದ ಕಥೆಯಲ್ಲಿ ಹೊಸ ಪ್ರೇಮಿಯನ್ನು ಅವಸರದಿಂದ ಕರೆತರಬೇಡಿ. ಮೊದಲು ನಾಯಕಿಯ ಕೈಕೆಲಸ ನಿಂತುಹೋದದ್ದನ್ನು ತೋರಿಸಿ. ಆಕೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವಳಾಗಿದ್ದರೆ, ನಿಶ್ಚಿತಾರ್ಥ ಮುರಿದ ಮೇಲೆ ಅರ್ಧ ನೇಯ್ದ ಸೆರಗು ಮಗ್ಗದಲ್ಲಿಯೇ ಉಳಿದು, ಹಾಸಿನ ಎಳೆಗಳ ಮೇಲೆ ಧೂಳು ಕೂತಿರಲಿ. ಲಾಳಿಯನ್ನು ಕೈಗೆತ್ತಿಕೊಂಡವಳು ಅದನ್ನು ಹಾಗೆಯೇ ಇಟ್ಟು ಎದ್ದುಹೋಗಲಿ. ಅವಳು ಮತ್ತೆ ನೇಯಲು ಹೊಸ ಗಂಡಸು ಕಾರಣವಾಗಬಾರದು (ನಮ್ಮ ಧಾರಾವಾಹಿಗಳಿಗೆ ಈ ಚಾಳಿ ವಿಪರೀತ). ಮದುವೆ ಸೀರೆಗೆ ಮುಂಗಡ ಕೊಟ್ಟವರ ಒತ್ತಾಯವೇ ಸಾಕು. ಅವನು ಆಮೇಲೆ ಬರಲಿ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ಕೆರೆ ದಂಡೆಯಲ್ಲಿ ಅವಳು ಹೊಸ ಅಂಚಿನ ವಿನ್ಯಾಸವನ್ನು ವಿವರಿಸುವಾಗ, ನಡುವೆ ಬಾಯಿ ಹಾಕದೆ ಕೇಳಿಸಿಕೊಂಡು, ಕೊನೆಗೆ ಬಣ್ಣದ ಕುರಿತು ಒಂದೇ ಪ್ರಶ್ನೆ ಕೇಳುವವನಾಗಿರಲಿ. ಹಳೆಯ ಪ್ರಿಯಕರ ಕ್ಷಮೆ ಯಾಚಿಸುವ ದೃಶ್ಯವನ್ನು ಕೈಬಿಟ್ಟರೂ ನಷ್ಟವಿಲ್ಲ.