ಡಚ್ ಬಾರದೆ ಡಚ್ ವ್ಯಂಗ್ಯಚಿತ್ರ ಓದುವುದು: ನನ್ನ ಅನುಭವ

ಹಳೆಯ ವ್ಯಂಗ್ಯಚಿತ್ರ ಸಿಕ್ಕರೆ ನಾನು ಮೊದಲು ನೋಡುವುದು ತಾರೀಖು. ಚಿತ್ರ ಆಮೇಲೆ. ಆ ವಾರ ಅಲ್ಲಿ ಯಾವ ಜಗಳ ನಡೀತಿತ್ತು ಅಂತ ಗೊತ್ತಿಲ್ಲದೆ ಯಾರ ಮೂಗು ಎಷ್ಟುದ್ದ ಇದ್ದರೇನು, ಅಲ್ವಾ?

ಹತ್ತೊಂಬತ್ತನೇ ಶತಮಾನದ ಡಚ್ ಚಿತ್ರಗಳಿಗೆ ಎರಡು ಜಾಗ ಸಾಕು, ಎರಡೂ ಪುಕ್ಕಟೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ವೆಬ್‌ಸೈಟಿನಲ್ಲಿ ಚಿತ್ರಗಳನ್ನು ದೊಡ್ಡದಾಗಿ ಇಳಿಸಿಕೊಳ್ಳಬಹುದು. ಹಳೇ ಪತ್ರಿಕೆಗಳಿಗೆ ಡೆಲ್ಫರ್ ಅನ್ನುವ ಡಚ್ ವೆಬ್‌ಸೈಟು. ಅಲ್ಲಿ ಹುಡುಕುವಾಗ ಆ ಕಾಲದ ಸ್ಪೆಲ್ಲಿಂಗೇ ಹಾಕಬೇಕು, ಇಲ್ಲದಿದ್ದರೆ ಎಷ್ಟೋ ಪುಟ ಸಿಗುವುದೇ ಇಲ್ಲ. ಸಿಕ್ಕ ಸಾಲನ್ನು ಫೋನಿನ ಅನುವಾದಕ್ಕೆ ಕೊಡುತ್ತೇನೆ. ಒರಟಾಗಿ ಬರುತ್ತದೆ, ಆದರೆ ಕೆಲಸ ನಡೆಯುತ್ತದೆ.

ನನಗೆ ಜಾಸ್ತಿ ಹಿಡಿಸಿದ್ದು ಆ ಮ್ಯೂಸಿಯಂ ಕಟ್ಟಡವನ್ನೇ ಗೇಲಿ ಮಾಡಿದ ಚಿತ್ರ. 1885ರಲ್ಲಿ 'ದ ನೇದರ್ಲಾಂಡ್ಸೆ ಸ್ಪೆಕ್ಟೇಟರ್' ವಾರಪತ್ರಿಕೆಗೆ ಸ್ಮಿತ್ ಕ್ರಾನ್ಸ್ ಬರೆದದ್ದು. ಅಡಿಬರಹವೇ ಚುಚ್ಚುತ್ತದೆ: ರೈಕ್ಸ್‌ಮ್ಯೂಸಿಯಂ ಎಂಬ ಬಿಷಪ್ಪರ ಅರಮನೆಯ ಉದ್ಘಾಟನೆಯಂತೆ!

ಸರ್ಕಾರಿ ಕಟ್ಟಡ ಅಂದಮೇಲೆ ದುಡ್ಡು ಹೊಡೆದ ಜೋಕೇ ಇರುತ್ತದೆ ಅಂತ ನಮಗನ್ನಿಸುತ್ತದೆ. ಇಲ್ಲಿ ಉರಿ ಬೇರೆ. ನಕ್ಷೆ ಮಾಡಿದ ಪಿಯರ್ ಕೈಪರ್ಸ್ ಕ್ಯಾಥೊಲಿಕ್, ಅದೆಷ್ಟೋ ಚರ್ಚು ಕಟ್ಟಿದವನು. ಗೃಹ ಇಲಾಖೆಯಲ್ಲಿ ಕಲೆಯ ವಿಭಾಗ ನೋಡಿಕೊಳ್ಳುತ್ತಿದ್ದ ವಿಕ್ಟರ್ ಡಿ ಸ್ಟ್ಯೂರ್ಸ್ ಕೂಡ ಕ್ಯಾಥೊಲಿಕ್. ಇಬ್ಬರ ಜೊತೆಗಿದ್ದ ಲೇಖಕ ಅಲ್ಬರ್ಡಿಂಕ್ ಥೈಮ್ ಸಹ. ಪ್ರಾಟೆಸ್ಟೆಂಟರ ಕೈ ಮೇಲಿದ್ದ ದೇಶ ಅದು. 1853ರಲ್ಲಿ ಪೋಪ್ ಅಲ್ಲಿಗೆ ಮತ್ತೆ ಬಿಷಪ್ಪರನ್ನು ನೇಮಿಸಿದಾಗಲೇ ದೊಡ್ಡ ಗಲಾಟೆ ಆಗಿತ್ತು. ಅಂಥ ಕಡೆ ಚರ್ಚಿನ ಹಾಗೆ ಗೋಪುರ, ಬಣ್ಣದ ಗಾಜು ಎಲ್ಲ ಇಟ್ಟು ರಾಷ್ಟ್ರದ ಮ್ಯೂಸಿಯಂ ಕಟ್ಟಿದರೆ ಸುಮ್ನೆ ಬಿಡುತ್ತಾರಾ? ರಾಜ ಮೂರನೇ ವಿಲಿಯಂ ಮ್ಯೂಸಿಯಂ ಬಗ್ಗೆ 'ಆ ಮಠಕ್ಕೆ ಕಾಲಿಡಲ್ಲ' ಅಂದ ಅಂತಲೂ ಕಥೆ ಇದೆ.

ಇಷ್ಟಾದ ಮೇಲೆ ಪತ್ರಿಕೆ ಯಾರ ಕಡೆ ಅಂತ ನೋಡುತ್ತೇನೆ. ಸ್ಪೆಕ್ಟೇಟರ್ ಉದಾರವಾದಿಗಳದು, ಕ್ಯಾಥೊಲಿಕರನ್ನು ಕಂಡರೆ ಅಷ್ಟಕ್ಕಷ್ಟೆ. ಹಾಗಾಗಿ ಮ್ಯೂಸಿಯಂ ತೆರೆದ ಜುಲೈ 13ರ ಆಸುಪಾಸಿನ ಕ್ಯಾಥೊಲಿಕ್ ದಿನಪತ್ರಿಕೆ 'ಡಿ ಟೈಟ್' ಕೂಡ ತೆರೆದು ಪಕ್ಕದಲ್ಲಿಟ್ಟುಕೊಳ್ಳುತ್ತೇನೆ. ಎರಡು ಕಡೆಯವರ ಮಾತನ್ನೂ ಕೇಳಿದ ಮೇಲೆ ಚಿತ್ರದ ನಗು ಬೇರೆ ಥರ ಕಾಣುತ್ತದೆ. ನನ್ನ ಪ್ರಕಾರ ಅದು ಕಟ್ಟಡದ ಮೇಲಿನ ಸಿಟ್ಟಲ್ಲ, ಸರ್ಕಾರದಲ್ಲಿ ಯಾರ ಮಾತು ನಡೀತಿದೆ ಅನ್ನುವ ಸಿಟ್ಟು.

ಈಗ ಇದೇ ಕೈಪರ್ಸ್‌ನ ಆಮ್‌ಸ್ಟರ್‌ಡ್ಯಾಮ್ ಸೆಂಟ್ರಲ್ ರೈಲ್ವೆ ಸ್ಟೇಷನ್ ಹಿಡಿದಿದ್ದೇನೆ. 1889ರಲ್ಲಿ ತೆರೆದದ್ದು. ನೀರಿನಲ್ಲಿ ಮಣ್ಣು ಸುರಿದು ದ್ವೀಪ ಮಾಡಿ ಅದರ ಮೇಲೆ ಕಟ್ಟಿದರು, ಊರಿಗೆ ಬಂದರಿನ ನೋಟವೇ ಮುಚ್ಚಿಹೋಯಿತು. ಅಲ್ಲಿ ಜಗಳಕ್ಕೆ ಧರ್ಮ ಬೇಕಾಗಿರಲಿಲ್ಲ.