ಹಗಲು ನಿದ್ದೆಗೆ ಪರದೆ ಹೊಲಿದ ನನ್ನ ಅನುಭವ

ಕಾಸರಗೋಡಿನ ಕುಂಬಳೆ ಕಡೆ ಪರದೆ ಹೊಲಿಯಲು ಶುರು ಮಾಡಿ ನನಗೆ 17 ವರ್ಷವೋ 18 ವರ್ಷವೋ ಆಯಿತು. ಊರಿಗೆಲ್ಲ ಪರದೆ ಹಾಕಿಕೊಟ್ಟವನ ಮನೆಯಲ್ಲಿ ಮಾತ್ರ ಹಳೇ ಸೀರೆ ನೇತಾಡುತ್ತಿತ್ತು. ಹೆಂಡತಿಗೆ ಮಂಗಳೂರಿನಲ್ಲಿ ನೈಟ್ ಡ್ಯೂಟಿ ಬಂದ ಮೇಲೆ ಗ್ರಹಚಾರ ಶುರು. ಟ್ರೈನ್ ಹಿಡಿದು ಮನೆ ಸೇರುವಾಗ ಬೆಳಿಗ್ಗೆ ಒಂಬತ್ತೂವರೆ. ಗಂಜಿ ಉಂಡು ಮಲಗಿದರೆ ಹನ್ನೆರಡಕ್ಕೇ ಎಚ್ಚರ. ಕಿಟಕಿ ಬೇರೆ ಪಡುವಣಕ್ಕೆ. ಮತ್ತೆ ಕಣ್ಣು ಮುಚ್ಚೋಣವೆಂದರೆ ಅಷ್ಟರಲ್ಲಿ ಬಿಸಿಲು ಹಾಸಿಗೆಗೇ ಬಂದಿರುತ್ತದೆ. "ಊರಿಗೆಲ್ಲ ಹೊಲಿಯುತ್ತೀರಿ, ನನಗೊಂದು ಕತ್ತಲೆ ಹೊಲಿಯಲಿಕ್ಕೆ ಆಗುವುದಿಲ್ಲವಾ?" ಎಂದಳು.

ಅದೇನು ಮಹಾ ಅಂದುಕೊಂಡೆ. ಬೆಳಕು ತಡೆಯುವ ಕೋಟಿಂಗ್ ಇರುವ ಬ್ಲ್ಯಾಕ್‌ಔಟ್ ಬಟ್ಟೆ, 54 ಇಂಚು ಅಗಲದ್ದು, ಆರು ಮೀಟರ್ ತಂದೆ. ಮೀಟರಿಗೆ 380ರ ಆಸುಪಾಸು. ಬಟ್ಟೆಯ ಮೇಲಂಚಿನಲ್ಲಿ ರಾಡ್ ತೂರಿಸುವ ಬಳೆ (ಐಲೆಟ್), ರಾಡ್ ಎಲ್ಲ ಸೇರಿ 3,000. ಹಾಕಿ ಬಾಗಿಲು ಮುಚ್ಚಿದರೆ ಬಟ್ಟೆಯಲ್ಲಿ ಒಂದು ಚುಕ್ಕಿ ಬೆಳಕಿಲ್ಲ, ಸುತ್ತಲೂ ಮಾತ್ರ ಬೆಂಕಿ! 2019ರ ಡಿಸೆಂಬರ್ 26ರಂದು ನಮ್ಮ ಜಿಲ್ಲೆಯ ಚೆರುವತ್ತೂರಿಗೆ ಹೋಗಿ ಕಂಕಣ ಗ್ರಹಣ ನೋಡಿದವರಿಗೆ ಗೊತ್ತಾಗುತ್ತದೆ, ಥೇಟ್ ಅದೇ ಬಳೆ. ಐಲೆಟ್ ಪರದೆಯ ಮೇಲ್ಗಡೆ ಅಲೆ ಅಲೆಯಾಗಿ ಸಂದು ಉಳಿಯುತ್ತದಲ್ಲ, ಅಲ್ಲಿಂದ ಸೀಲಿಂಗಿಗೆಲ್ಲ ಬೆಳಕು. ಮೊದಲ ಮಳೆಗಾಲದಲ್ಲೇ ಕೋಟಿಂಗಿಗೆ ಬೂಸ್ಟು ಹಿಡಿಯಿತು. ಮೆಷಿನಿಗೆ ಹಾಕಿ ಒಗೆದೆ. ಬಿರುಕು ಬಿಟ್ಟು ನಕ್ಷತ್ರ ಕಾಣಲಿಕ್ಕೆ ಶುರುವಾಯಿತು.

ಎರಡನೆಯದು ಸುರುಳಿ ಸುತ್ತುವ ಪರದೆ, ರೋಲರ್ ಬ್ಲೈಂಡ್, 2,800 ರೂಪಾಯಿ. ಕಿಟಕಿಯ ದಾರಂದದ (ಚೌಕಟ್ಟಿನ) ಒಳಗೆ ಕೂರಿಸಿದ್ದೇ ತಪ್ಪು. ಎರಡೂ ಬದಿಯಲ್ಲಿ ಅರ್ಧರ್ಧ ಇಂಚು ಸಂದು. ಅದನ್ನು ಒಂದು ಆಫೀಸಿಗೆ 1,500ಕ್ಕೆ ದಾಟಿಸಿದೆ, ಆ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ.

ಮಧ್ಯದಲ್ಲಿ ಹುಚ್ಚಾಟಗಳೂ ನಡೆದವು. ಗಾಜಿಗೆ ಅಡುಗೆಮನೆಯ ಫಾಯಿಲ್ ಅಂಟಿಸಿದೆ. ಏಪ್ರಿಲ್ ಬಿಸಿಲಿಗೆ ಒಂದು ಗಾಜು ಟಪ್ ಅಂತ ಸೀಳಿತು, 400 ಹೋಯಿತು. ತೋಟದಲ್ಲಿ ಅಡಿಕೆ ಹಾಳೆ ಬೇಕಾದಷ್ಟು ಬಿದ್ದಿರುತ್ತದೆ ಅಲ್ವಾ? ನೆನೆಸಿ, ಕಲ್ಲು ಹೇರಿ ಚಪ್ಪಟೆ ಮಾಡಿ, ಒಂದರ ಮೇಲೊಂದು ಸೇರಿಸಿ ಹೊಲಿದೆ. ಸುಳ್ಳು ಹೇಳುವುದಿಲ್ಲ, ಕತ್ತಲೆ ಬ್ಲ್ಯಾಕ್‌ಔಟಿಗಿಂತ ಚೆನ್ನಾಗಿತ್ತು. ಜೋರು ಮಳೆಯ ಆಟಿ ತಿಂಗಳು ಬಂದಾಗ ಹಾಳೆಯೆಲ್ಲ ಬೆಳ್ಳಗಾಗಿ ಕೋಣೆಗೆ ಅಡಿಕೆ ಕೊಟ್ಟಿಗೆಯ ವಾಸನೆ. ಹೆಂಡತಿ ಮಾತಾಡಲಿಲ್ಲ, ತೆಗೆದು ಒಲೆಗೆ ಹಾಕಿದಳು.

ಕೊನೆಗೆ ಬಟ್ಟೆಯ ಚಿಂತೆ ಬಿಟ್ಟು ಸಂದಿನ ಹಿಂದೆ ಬಿದ್ದೆ. ಪರದೆ ಓಡುವ ಟ್ರ್ಯಾಕನ್ನು ಕಿಟಕಿಗಿಂತ ಆಚೆ ಈಚೆ ಎಂಟೆಂಟು ಇಂಚು ಉದ್ದ ಮಾಡಿದೆ, ಮೇಲೆ ಹತ್ತು ಇಂಚು ಎತ್ತರಿಸಿದೆ. ಐಲೆಟ್ ಬಿಟ್ಟು ನೆರಿಗೆ ಹಿಡಿಯುವ ಪಟ್ಟಿ, ಪ್ಲೀಟ್ ಟೇಪ್. ಎರಡೂ ತುದಿ ತಿರುಗಿ ಗೋಡೆ ಮುಟ್ಟಬೇಕು, ಅಲ್ಲಿ ವೆಲ್ಕ್ರೋ. ನಡುವೆ ಪರದೆಗಳು ಒಂದರ ಮೇಲೊಂದು ಐದಾರು ಇಂಚು. ಮೇಲೆ ಟ್ರ್ಯಾಕ್ ಮುಚ್ಚುವ ಪೆಟ್ಟಿಗೆ, 12 ಎಂಎಂ ಪ್ಲೈವುಡ್ಡಿನ ಪೆಲ್ಮೆಟ್. ಅದಕ್ಕೆ ತಲೆಯ ಮೇಲೂ ಹಲಗೆ ಬೇಕು. ನಮ್ಮಲ್ಲಿ ಜಾಸ್ತಿ ಜನ ಅದನ್ನೇ ಬಿಡುತ್ತಾರೆ. ಬಟ್ಟೆ ಈ ಸಲ ಕೋಟಿಂಗ್ ಇಲ್ಲದ್ದು, ನಡುವೆ ಕಪ್ಪು ನೂಲು ನೇಯ್ದದ್ದು, ಏಳು ಮೀಟರ್. ಅದನ್ನು ಪರದೆಯ ಹಿಂದಿನ ಪದರ (ಲೈನಿಂಗ್) ಮಾಡಿ ಬೇರೆಯಾಗಿ ಕೊಕ್ಕೆಗೆ ಸಿಕ್ಕಿಸಿದೆ, ಮಳೆಗಾಲದಲ್ಲಿ ಅದೊಂದನ್ನೇ ಬಿಚ್ಚಿ ಒಣಗಿಸಬಹುದು. ಕೆಳಗಿನ ಅಂಚನ್ನು ನೆಲಕ್ಕೆ ಹೇಗೆ ಕೂರಿಸಿದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಹೊಟ್ಟೆಪಾಡು, ಕ್ಷಮಿಸಿ.

ಕೆಂಪುಕಲ್ಲಿನ ಗೋಡೆ ಮಾತ್ರ ಮಾನ ಕಳೆಯಿತು. ಮೂರನೇ ದಿನ ಸ್ಕ್ರೂ ಹಿಡಿಯುವ ಪ್ಲಗ್ ಸಮೇತ ಎಲ್ಲ ಕಿತ್ತು ನನ್ನ ಮಾವನ ಕಾಲ ಬುಡಕ್ಕೇ ಬಿತ್ತು. ತೂತಿನ ತುಂಬ ಕೆಂಪು ಪುಡಿ. ದೊಡ್ಡ ತೂತು ಕೊರೆದು ಮರದ ಗುಟ್ಟ ಬಡಿದು, ಸುತ್ತ ಸಿಮೆಂಟ್ ತುಂಬಿ, ಎರಡು ದಿನ ಬಿಟ್ಟು ಸ್ಕ್ರೂ ಹಾಕಿದೆ. ಈಗ ಜೋತುಬಿದ್ದರೂ ಅಲ್ಲಾಡುವುದಿಲ್ಲ.

ಕತ್ತಲೆ ಆಯಿತು, ಈಗ ಸೆಕೆ. ಕಿಟಕಿ ಮೇಲಿನ ವೆಂಟಿಲೇಟರ್ ಮುಚ್ಚಿದರೆ ಉಸಿರು ಕಟ್ಟುತ್ತದೆ, ಬಿಟ್ಟರೆ ಬೆಳಕು. "ಅದನ್ನು ಮುಚ್ಚಿ ಎಸಿ ಹಾಕಿಸಿ" ಎಂದರು ನಮ್ಮ ಮರಗೆಲಸದ ಆಚಾರಿ. ನಾನು ಒಪ್ಪಲಿಲ್ಲ. ಒಂದು ಪೆಟ್ಟಿಗೆ ಮಾಡಿಸಿ, ಒಳಗೆ ಹಲಗೆಗಳನ್ನು ಒಂದು ಮೇಲಿಂದ, ಒಂದು ಕೆಳಗಿಂದ ನಿಲ್ಲಿಸಿ, ಹೊಳಪಿಲ್ಲದ ಕಪ್ಪು ಬಣ್ಣ ಬಳಿಸಿದೆ. ಹಳೇ ಫೋಟೋ ಸ್ಟುಡಿಯೋಗಳಲ್ಲಿ ಫಿಲ್ಮ್ ತೊಳೆಯುವ ಡಾರ್ಕ್‌ರೂಮಿನಲ್ಲಿ ಹೀಗೇ ಇರುತ್ತಿತ್ತು. "ಗಾಳಿ ಬರುವ ದಾರಿಯಲ್ಲಿ ಬೆಳಕು ಬರುವುದಿಲ್ಲವಾ?" ಎಂದು ಆಚಾರಿ ನಕ್ಕರು. ಗಾಳಿ ತಿರುಗಿ ಬರುತ್ತದೆ, ಬೆಳಕು ತಿರುಗುವುದಿಲ್ಲ ಮಾರಾಯ್ರೆ! ಮೊದಲು ಎರಡೇ ಹಲಗೆ ಹಾಕಿ ಸೋತೆ. ಈಗ ಎಷ್ಟಿದೆ ಎಂದು ಕೇಳಬೇಡಿ.

ಸರಿಯಾದ ಈ ಕೆಲಸಕ್ಕೆ ಸುಮಾರು 7,000. ಮೊದಲಿನ ಪೆದ್ದುತನ ಸೇರಿಸಿದರೆ 13,000 ದಾಟುತ್ತದೆ.

ಮೊದಲ ದಿನ ಮಧ್ಯಾಹ್ನ ಮೂರಾದರೂ ಹೆಂಡತಿ ಏಳಲಿಲ್ಲ. ನನಗೇ ಹೆದರಿಕೆಯಾಗಿ ಹೋಗಿ ಅಲುಗಾಡಿಸಿದೆ. ಆ ಬೈಗುಳ ಇನ್ನೂ ಕಿವಿಯಲ್ಲಿದೆ. ನಕ್ಕ ಆಚಾರಿ ಈಗ ತಿಂಗಳಿಗೆ ಒಂದಾದರೂ ಆ ಪೆಟ್ಟಿಗೆ ಮಾಡುತ್ತಾರೆ, ಗಿರಾಕಿಯ ಹತ್ತಿರ ತಮ್ಮದೇ ಐಡಿಯಾ ಎನ್ನುತ್ತಾರಂತೆ. ಮೊನ್ನೆ ಯಕ್ಷಗಾನ ಮೇಳದ ಚೆಂಡೆಯವರೊಬ್ಬರ ಮನೆಗೂ ಹಾಕಿಕೊಟ್ಟೆವು. ರಾತ್ರಿ ಇಡೀ ಬಾರಿಸಿ ಹಗಲು ಮಲಗುವವರು. ದುಡ್ಡು ಪತ್ತನಾಜೆಗೆ, ಅಂದರೆ ಮೇ ಕೊನೆಗೆ ಮೇಳದ ತಿರುಗಾಟ ಮುಗಿದು, ಗೆಜ್ಜೆ ಬಿಚ್ಚಿದ ಮೇಲೆ ಕೊಡುತ್ತಾರಂತೆ.