ದೊಡ್ಡ ಜೇಡ್ ಗಿಡ: ಕುಂಡ ಎತ್ತುವ ಮೊದಲು ನೀರು ನಿಲ್ಲಿಸಿ
ಮಳೆಗಾಲಕ್ಕೆ ದೊಡ್ಡ ಜೇಡ್ ಗಿಡವನ್ನು (ದಪ್ಪ ಎಲೆ-ಕಾಂಡಗಳಲ್ಲಿ ನೀರು ಕೂಡಿಡುವ ಅಲಂಕಾರದ ಗಿಡ) ಒಳಗೆ ತರುವವರು ಹತ್ತು-ಹನ್ನೆರಡು ದಿನ ಮೊದಲೇ ನೀರು ನಿಲ್ಲಿಸಿ. ನೀರು ತುಂಬಿಕೊಂಡ ಕೊಂಬೆ ಎಳೆ ಸೌತೆಕಾಯಿಯಂತೆ ಲಟಕ್ಕನೆ ಮುರಿಯುತ್ತದೆ. ಎಲೆ ಸ್ವಲ್ಪ ಮೆತ್ತಗಾಗಿದ್ದರೆ ಕೊಂಬೆ ಬಾಗುತ್ತದೆ, ಕುಂಡವೂ ಹಗುರ. ಕಾಂಡ ಹಿಡಿದು ಎತ್ತಬೇಡಿ, ಕುಂಡದಡಿ ಗೋಣಿಚೀಲ ಹಾಕಿ ಎಳೆಯಿರಿ. ಒಳಗೆ ಕಿಟಕಿ ಪಕ್ಕದಲ್ಲೇ ಇರಲಿ. ಬೆರಳಿನ ಎರಡು ಗೆಣ್ಣಿನಷ್ಟು ಆಳಕ್ಕೆ ಮಣ್ಣು ಒಣಗಿದ ಮೇಲಷ್ಟೇ ನೀರು. ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ. ಅಕ್ಟೋಬರಿನಲ್ಲಿ ಹೊರಗಿಟ್ಟಾಗ ಮೊದಲ ವಾರ ಬೆಳಗಿನ ಒಂದು ಗಂಟೆ ಬಿಸಿಲು ಸಾಕು, ಆಮೇಲೆ ಮೂರು ವಾರದಲ್ಲಿ ನಿಧಾನಕ್ಕೆ ಹೆಚ್ಚಿಸಿ. ನೆರಳಲ್ಲಿ ಬಂದ ಎಲೆ ನೇರ ಬಿಸಿಲು ತಡೆಯುವುದಿಲ್ಲ. ಎಲೆಯಂಚು ಕೆಂಪಾದರೆ ಗಾಬರಿ ಬೇಡ, ನೋಡಲು ಚೆಂದವೇ. ಕಂದು ಮಚ್ಚೆ ಬಿದ್ದರೆ ಅದು ಸುಟ್ಟ ಗಾಯ, ಮಾಯುವುದಿಲ್ಲ. ಚಳಿದೇಶಗಳಲ್ಲಿ ಇರುವವರಿಗೆ ಲೆಕ್ಕ ಬೇರೆ: ರಾತ್ರಿ 10 ಡಿಗ್ರಿಗೆ ಇಳಿಯುವ ಮುಂಚೆ ಒಳಗೆ ತನ್ನಿ. ಬುಡ ಒತ್ತಿದಾಗ ಆಗಲೇ ಪಿಚಕ್ಕೆನ್ನುತ್ತಿದ್ದರೆ ನೀರು ನಿಲ್ಲಿಸಿಯೂ ಪ್ರಯೋಜನವಿಲ್ಲ, ಬೇರು ಕೊಳೆತಿದೆ. ಗಟ್ಟಿಯಾಗಿರುವ ಕೊಂಬೆ ಕತ್ತರಿಸಿ, ಒಂದು ವಾರ ನೆರಳಲ್ಲಿ ಗಾಯ ಒಣಗಿಸಿ, ಮರಳು ಬೆರೆಸಿದ ಮಣ್ಣಿಗೆ ನೆಡಿ.